ಕಲ್ಲಿನ ಕಮಾನೋ, ತೋರಣವೋ, ಫಡಿಯೋ?

ಬಲ್ಲವರಿಗೆಲ್ಲ ನಮಸ್ಕಾರ.

ನಾನು ಬಾಗಲಕೋಟೆ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹೋದ ಬೇಸಿಗೆಯ ರಜೆಯಲ್ಲಿ ಅಮೆರಿಕದಲ್ಲಿರುವ ತಮ್ಮನ ಮನೆಗೆ ಹೋದಾಗ ಕಾಲೇಜಿನ ಇಬ್ಬರು ಗೆಳತಿಯರು ಸಿಕ್ಕರು. ಒಬ್ಬಳು ವಿಜಯಪುರದವಳು, ಇನ್ನೊಬ್ಬಳು ಬಾದಾಮಿಯವಳು. ಮೂವರೂ ಸೇರಿ ಕೊಲೊರಾಡೊದ ಗ್ರ್ಯಾಂಡ್ ಜಂಕ್ಷನ್‌ನಿಂದ ನಸುಕಿನಲ್ಲಿ ಹೊರಟೆವು. ಸುಮಾರು ಎರಡು ತಾಸು ಕಾರಿನ ದಾರಿ. ಯೂಟಾ ರಾಜ್ಯದ ಮೋವಾಬ್ ಊರಿನ ಪಕ್ಕದ ಆರ್ಚಸ್ ರಾಷ್ಟ್ರೀಯ ಉದ್ಯಾನವನ್ನು ದಿನವಿಡೀ ಸುತ್ತಿ ರಾತ್ರಿಗೆ ಮರಳಿದೆವು. ಈಗ ಅದರ ಬಗ್ಗೆ ಮಕ್ಕಳಿಗಾಗಿ ಬರೆಯಲು ಕುಳಿತರೆ ಮೊದಲ ಸಾಲಿನಲ್ಲೇ ತಡವರಿಸುತ್ತಿದ್ದೇನೆ. ಉದ್ಯಾನದ ಹೆಸರಿನಲ್ಲೇ ಇರುವ 'ಆರ್ಚ್'ಗೆ ಕನ್ನಡದಲ್ಲಿ ಏನೆನ್ನಬೇಕು?

ನಡುವೆ ತೆರವು ಬಿದ್ದು ಆಚೆಯ ಆಕಾಶ ಕಾಣುವ ಇಂಥ ಕಲ್ಲುಗಳು ಅಲ್ಲಿ 2000ಕ್ಕೂ ಹೆಚ್ಚು ಇವೆ. ತೆರವು ಯಾವುದಾದರೂ ಒಂದು ದಿಕ್ಕಿನಲ್ಲಿ ಕನಿಷ್ಠ 3 ಅಡಿ ಇದ್ದರೆ ಲೆಕ್ಕಕ್ಕೆ ಸೇರುತ್ತದೆ. ಎಲ್ಲರೂ ಚಿತ್ರದಲ್ಲಿ ಕಂಡಿರುವ ಡೆಲಿಕೇಟ್ ಆರ್ಚ್ ತಲುಪಲು ಬೋಳು ಬಂಡೆಯ ಮೇಲೆ ಒಂದೂವರೆ ಮೈಲಿ ಏರಬೇಕು. ಬಿಸಿಲಿಗೆ ನೆರಳೆಂಬುದಿಲ್ಲ. ಕೊನೆಯ ತಿರುವಿನವರೆಗೂ ಏನೂ ಕಾಣುವುದಿಲ್ಲ. ತಿರುಗಿದೊಡನೆ 46 ಅಡಿ ಎತ್ತರದ ತೆರವನ್ನು ಕಾಲುಗಳ ನಡುವೆ ಇಟ್ಟುಕೊಂಡು ಆ ಕೆಂಪು ಕಲ್ಲು ಒಂಟಿಯಾಗಿ ನಿಂತಿರುತ್ತದೆ. ನಾವು ಮೂವರೂ ಬಹಳ ಹೊತ್ತು ಮಾತಾಡಲಿಲ್ಲ.

ಮೊದಲು ಬಾಯಿ ಬಿಟ್ಟವಳು ವಿಜಯಪುರದ ಗೆಳತಿ. "ಎಂಥ ಕಮಾನು!" ಎಂದಳು. ತನ್ನೂರಿನ ಅಪೂರ್ಣ ಗೋರಿ ಬಾರಾ ಕಮಾನದ ನೆರಳಿನಲ್ಲಿ ಬೆಳೆದವಳು ಬೇರೆ ಏನು ಅಂದಾಳು? ಪತ್ರಿಕೆಗಳೂ ಇದನ್ನೇ ಬರೆಯುತ್ತವೆ, 'ನೈಸರ್ಗಿಕ ಕಮಾನು' ಎಂದು. ಕಮಾನು ಪಾರಸಿಯ ಮಾತು, ಮೂಲ ಅರ್ಥ ಬಿಲ್ಲು. ಪಿಟೀಲಿನ ಕಮಾನು, ಕಮಾನು ಗಾಡಿ, ಊರ ಬಾಯಿಯ ಸ್ವಾಗತ ಕಮಾನು, ಎಲ್ಲವೂ ನಮ್ಮವೇ ಆಗಿವೆ. ಪಾರಸಿಯದು ಎಂಬ ಕಾರಣಕ್ಕೆ ನನಗೆ ತಕರಾರಿಲ್ಲ. ತಕರಾರು ಇರುವುದು ಅರ್ಥದಲ್ಲಿ. ಎರಡನೆಯ ಅಲಿ ಆದಿಲ್ ಶಾಹನ ಆ ಅಪೂರ್ಣ ಗೋರಿಯ ಕಮಾನುಗಳನ್ನು ಕಲ್ಲಿಗೆ ಕಲ್ಲು ಕೂಡಿಸಿ ಕಟ್ಟಿದ್ದಾರೆ. ಯೂಟಾದಲ್ಲಿ ಯಾರೂ ಏನನ್ನೂ ಕೂಡಿಸಿಲ್ಲ. ಅಲ್ಲಿ ನೆಲದಡಿಯಲ್ಲಿ ಹಳೆಯ ಸಮುದ್ರ ಬತ್ತಿ ಉಳಿದ ಉಪ್ಪಿನ ದಪ್ಪ ಪದರವಿದೆ. ಮೇಲಿನ ಭಾರಕ್ಕೆ ಆ ಉಪ್ಪು ಜರುಗಿ ಉಬ್ಬಿದಾಗ ಮರಳುಗಲ್ಲು ಉದ್ದುದ್ದಕ್ಕೆ ಬಿರಿಯಿತು. ಬಿರುಕುಗಳು ಅಗಲವಾಗಿ ನಡುವೆ ತೆಳ್ಳನೆಯ ಕಲ್ಲುಗೋಡೆಗಳು ಉಳಿದವು. ಮಳೆನೀರು ಮರಳಿನ ಕಣಗಳನ್ನು ಹಿಡಿದಿದ್ದ ಸುಣ್ಣದ ಅಂಟನ್ನು ಕರಗಿಸಿತು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಹಿಗ್ಗಿ ಚಕ್ಕೆಗಳನ್ನು ಎಬ್ಬಿಸಿತು. ಹೀಗೆ ಕಳೆದೂ ಕಳೆದೂ ಉಳಿದದ್ದು ಅದು. ಕಳೆಯುವುದು ಇನ್ನೂ ನಿಂತಿಲ್ಲ: 306 ಅಡಿ ಅಗಲಕ್ಕೆ ಚಾಚಿರುವ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ 1991ರಲ್ಲಿ ದೊಡ್ಡ ಚಪ್ಪಡಿಯೇ ಕಳಚಿತು, 2008ರ ಆಗಸ್ಟ್‌ನಲ್ಲಿ ವಾಲ್ ಆರ್ಚ್ ಪೂರ್ತಿ ಕುಸಿಯಿತು. ಕಟ್ಟಿದ್ದಕ್ಕೂ ಕಳೆದು ಉಳಿದದ್ದಕ್ಕೂ ಒಂದೇ ಹೆಸರಿಟ್ಟರೆ ಹತ್ತನೆಯ ತರಗತಿಯ ಹುಡುಗಿಗೆ ನಾನು ಸವೆತವನ್ನು ಹೇಗೆ ಕಲಿಸಲಿ?

'ಶಿಲಾತೋರಣ'ವೂ ಇದೆ. ತಿರುಮಲೆಯ ಬೆಟ್ಟದ ಮೇಲಿನದಕ್ಕೆ ಅದೇ ಹೆಸರು. ಕೇಳಲು ಚೆಂದ. ಆದರೆ ನಮ್ಮ ಮಕ್ಕಳಿಗೆ ತೋರಣವೆಂದರೆ ಹಬ್ಬದ ದಿನ ಬಾಗಿಲಿಗೆ ಕಟ್ಟುವ ಮಾವಿನ ಎಲೆ. 'ಕಲ್ಲುಸೇತುವೆ' ಎನ್ನುವಂತೆಯೂ ಇಲ್ಲ, ಏಕೆಂದರೆ ಹರಿಯುವ ಹಳ್ಳ ಕೊರೆದು ತನ್ನ ಮೇಲೆ ತಾನೇ ಬಿಟ್ಟುಕೊಂಡ ಕಲ್ಲಿಗೆ ಭೂವಿಜ್ಞಾನಿಗಳು ಆ ಮಾತನ್ನು ಮೀಸಲಿಟ್ಟಿದ್ದಾರೆ. ಅದೇ ಯೂಟಾದಲ್ಲಿ ಅಂಥ ಮೂರು ಸೇತುವೆಗಳಿಗಾಗಿಯೇ 1908ರಿಂದ ಬೇರೊಂದು ರಕ್ಷಿತ ತಾಣವಿದೆ.

ಆ ರಾತ್ರಿ ಬಾದಾಮಿಯ ಗೆಳತಿ ಮನೆಗೆ ಫೋನ್ ಮಾಡಿ ತಾಯಿಗೆ ಚಿತ್ರಗಳನ್ನು ತೋರಿಸಿದಳು. ಅಲ್ಲಿ ಆಗ ಬೆಳಗು. ಆ ತಾಯಿ ಒಂದು ಗಳಿಗೆ ನೋಡಿ, "ಇದು ನಮ್ಮ ಸಿಡಿಲಫಡಿಯಂಥದ್ದೇ ಇದೆಯಲ್ಲವ್ವಾ" ಎಂದರು. ನನಗೆ ಮೈ ಜುಮ್ಮೆಂದಿತು. ಎಷ್ಟು ಸಲ ಮಕ್ಕಳನ್ನು ಅಲ್ಲಿಗೆ ನಡೆಸಿಕೊಂಡು ಹೋಗಿದ್ದೇನೆ! ಬಾದಾಮಿಯ ಗುಡ್ಡದ ಮೇಲೆ ಕುರುಚಲು ಗಿಡಗಳ ನಡುವೆ ಇರುವ ಆ ಬಂಡೆಯೂ ಮರಳುಗಲ್ಲೇ, ಯೂಟಾದ ಕಲ್ಲಿಗಿಂತ ಬಹಳ ಹಳೆಯದು. ಚಾವಣಿಯಲ್ಲಿ ತೂತುಗಳಿವೆ, ಸಿಡಿಲು ಬಡಿದು ಆದವೆಂದು ಜನ ಹೇಳುತ್ತಾರೆ. ಒಳಗೆ ಆದಿಮಾನವರು ಬರೆದ ಚಿತ್ರಗಳಿವೆ. ಹೆಸರು ನಮ್ಮ ಕಾಲ ಕೆಳಗೇ ಇತ್ತು, ನಾನು ನಿಘಂಟಿನಲ್ಲಿ ಹುಡುಕುತ್ತಿದ್ದೆ.

ಇನ್ನು ನನ್ನ ಪ್ರಶ್ನೆಗಳು. ಐಹೊಳೆಯ ರಾವಳಫಡಿ ಮನುಷ್ಯರು ಬಂಡೆಯಲ್ಲಿ ಕೊರೆದ ಗುಡಿ. ಸಿಡಿಲಫಡಿ ತಾನಾಗಿ ಆದದ್ದು. ಹಾಗಾದರೆ 'ಫಡಿ' ಎಂದರೆ ಮೇಲೆ ಕಲ್ಲಿನ ಮರೆ ಇರುವ ಯಾವ ಜಾಗವಾದರೂ ಆದೀತೇ? ಆಚೀಚೆ ಎರಡೂ ಕಡೆ ಬಯಲಾಗಿ, ನಡುವೆ ಆಕಾಶ ಕಾಣುವ ಕಲ್ಲಿಗೂ ಹಿರಿಯರು ಆ ಮಾತನ್ನು ಆಡುತ್ತಾರೆಯೇ?

ಮೂಲದ ಬಗ್ಗೆ ಎರಡು ಊಹೆಗಳು ನನ್ನಲ್ಲಿವೆ. ಕನ್ನಡದಲ್ಲಿ ಬಾಗಿಲಿನ ಕದಕ್ಕೆ 'ಪಡಿ' ಎಂಬ ಹಳೆಯ ಮಾತಿದೆ. ಇನ್ನೊಂದು ಕಡೆ ಹಾವಿನ ಹೆಡೆಗೆ ಸಂಸ್ಕೃತದಲ್ಲಿ 'ಫಟಾ', ಮರಾಠಿಯಲ್ಲಿ 'ಫಡಾ' ಎನ್ನುತ್ತಾರೆ. ಬಗ್ಗಿ ಮುಂದಕ್ಕೆ ಚಾಚಿದ ಬಂಡೆಯನ್ನು ಕಂಡವರಿಗೆ ಹೆಡೆ ನೆನಪಾಗುವುದು ಸಹಜ, ಮಹಾಪ್ರಾಣವೂ ಹೊಂದುತ್ತದೆ. ನನ್ನ ಮನಸ್ಸು ಹೆಡೆಯ ಕಡೆಗೇ ಒಲಿಯುತ್ತದೆ. ಬಾದಾಮಿ, ಗುಳೇದಗುಡ್ಡ, ಐಹೊಳೆ, ಪಟ್ಟದಕಲ್ಲಿನ ಕಡೆಯವರು, ಅದರಲ್ಲೂ ಗುಡ್ಡದಲ್ಲಿ ಕುರಿ ಕಾಯುವ ಮತ್ತು ಕಲ್ಲು ಒಡೆಯುವ ಮನೆತನದವರು, ಮನೆಯಲ್ಲಿ ಈ ಮಾತನ್ನು ಹೇಗೆ ಬಳಸುತ್ತಾರೆಂದು ದಯವಿಟ್ಟು ತಿಳಿಸಿ. ಉಚ್ಚಾರ 'ಪಡಿ'ಯೋ 'ಫಡಿ'ಯೋ ಎಂಬುದನ್ನೂ ಬರೆಯಿರಿ. ಶಾಲೆ ತೆರೆಯುವುದರೊಳಗೆ ಬರಹ ಮುಗಿಸಬೇಕಾಗಿದೆ. ಅಲ್ಲಿಯವರೆಗೆ ಕರಡಿನಲ್ಲಿ 'ಬಯಲುಫಡಿ' ಎಂದು ಬರೆದಿಟ್ಟುಕೊಂಡಿದ್ದೇನೆ.