ಬಾರ್ಬಡೋಸ್‌ನಲ್ಲಿ ಹಡಗು ಒಂದೇ ಹಗಲು ನಿಲ್ಲುತ್ತೆ, ಅಷ್ಟರಲ್ಲಿ ಏನೇನು ನೋಡಬಹುದು?

ನಾಲ್ಕು_ಟಿಕೆಟ್:

ಎಲ್ಲರಿಗೂ ನಮಸ್ಕಾರ. ಜನವರಿಯಲ್ಲಿ ಫ್ಲೋರಿಡಾದಿಂದ ಹೊರಡುವ ಒಂದು ಕ್ರೂಸ್ ಬುಕ್ ಮಾಡಿದ್ದೇವೆ, ದಕ್ಷಿಣ ಕೆರಿಬಿಯನ್ ಕಡೆಗೆ. ನಡುವೆ ಒಂದು ದಿನ ಬಾರ್ಬಡೋಸ್‌ನ ಬ್ರಿಡ್ಜ್‌ಟೌನ್. ಬೆಳಿಗ್ಗೆ 8ಕ್ಕೆ ಹಡಗು ಬಂದರಿಗೆ ಬರುತ್ತದಂತೆ, ಸಂಜೆ 5ಕ್ಕೆ ಹೊರಡುತ್ತದೆ, 4:30ರೊಳಗೆ ಎಲ್ಲರೂ ಹಡಗು ಹತ್ತಿರಬೇಕು.

ನಾವು ನಾಲ್ಕು ಜನ. ನಾನು, ಹೆಂಡತಿ, ಒಂಬತ್ತು ವರ್ಷದ ಮಗ, ಮತ್ತೆ ಅಮ್ಮ. ಅಮ್ಮನಿಗೆ ಮಂಡಿ ನೋವು. ನಿಧಾನಕ್ಕೆ ಸ್ವಲ್ಪ ದೂರ ನಡೆಯುತ್ತಾರೆ, ಮೆಟ್ಟಿಲು ಅಂದರೆ ಆಗಲ್ಲ. ಅಮ್ಮ ಮತ್ತು ಹೆಂಡತಿ ಶುದ್ಧ ಸಸ್ಯಾಹಾರಿಗಳು.

ನಾನು ಮಾಡಿರೋ ಪಟ್ಟಿ ಇದು: ಹ್ಯಾರಿಸನ್ಸ್ ಕೇವ್, ಪೂರ್ವ ತೀರದ ಬಾತ್‌ಶೀಬಾ, ಉತ್ತರದ ವೈಲ್ಡ್‌ಲೈಫ್ ರಿಸರ್ವ್‌ನಲ್ಲಿ ಹಸಿರು ಕೋತಿಗಳು, ಕಾರ್ಲೈಲ್ ಬೇಯಲ್ಲಿ ಆಮೆಗಳ ಜೊತೆ ಈಜು, ಕೊನೆಗೆ ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ. ಹಡಗಿನವರ ಟೂರ್ ರೇಟು ನೋಡಿ ತಲೆ ತಿರುಗಿತು. ಹೊರಗೆ ಟ್ಯಾಕ್ಸಿ ಮಾಡಿಕೊಂಡು ಇದೆಲ್ಲ ಮುಗಿಸಬಹುದಾ? ಹೋಗಿಬಂದವರು ದಯವಿಟ್ಟು ಹೇಳಿ.

ಕಡಲಹಕ್ಕಿ:

ಮೊದಲು ಪಟ್ಟಿಯಿಂದ ಮೂರನ್ನು ಹೊಡೆದುಹಾಕಿ, ಆಮೇಲೆ ಮಾತಾಡೋಣ :)

8ರಿಂದ 4:30 ಅಂದರೆ ಎಂಟೂವರೆ ಗಂಟೆ ಸಿಗುತ್ತದೆ ಅಂತ ಲೆಕ್ಕ ಹಾಕಿದ್ದೀರಿ ಅಲ್ವಾ, ಅಷ್ಟು ಸಿಗುವುದಿಲ್ಲ. ಹಡಗು ಕಟ್ಟಿ, ಅಧಿಕಾರಿಗಳು ಇಳಿಯಲು ಬಿಟ್ಟು, ಸಾವಿರಾರು ಜನರ ಜೊತೆ ಕ್ಯೂ ನಿಂತು ನೀವು ಬಂದರಿನ ಗೇಟು ದಾಟುವಾಗ 9 ಆಗಿರುತ್ತದೆ. ವಾಪಸ್ಸು ಬರುವಾಗ 4:30ಕ್ಕೆ ಓಡಿ ಬರುವ ಹಾಗೆ ಪ್ಲಾನ್ ಮಾಡಬಾರದು, 3:30ಕ್ಕೆ ಬಂದರಿನಲ್ಲಿರಬೇಕು. ಉಳಿದದ್ದು ಆರೂವರೆ ಗಂಟೆ. ಅದರಲ್ಲಿ ಊಟ, ಬಟ್ಟೆ ಬದಲಾಯಿಸುವುದು, ಮಗನ ಐಸ್‌ಕ್ರೀಮ್, ಎಲ್ಲ ಇದೆ.

ಮ್ಯಾಪ್‌ನಲ್ಲಿ ದ್ವೀಪ ಪುಟ್ಟದಾಗಿ ಕಾಣುತ್ತದೆ, ಉದ್ದ 34 ಕಿಲೋಮೀಟರ್, ಅಗಲ 23. ಅದನ್ನು ನೋಡಿ ಎಲ್ಲರೂ ಇಡೀ ದ್ವೀಪ ಸುತ್ತುತ್ತೇವೆ ಅಂತ ಹೊರಡುತ್ತಾರೆ. ಆದರೆ ಒಳಗಿನ ರಸ್ತೆಗಳು ಕಿರಿದು, ತಿರುವು ಜಾಸ್ತಿ, ಮಧ್ಯಾಹ್ನ 3ರ ನಂತರ ಬ್ರಿಡ್ಜ್‌ಟೌನ್ ಸುತ್ತ ಗಾಡಿ ನಿಂತೇ ಇರುತ್ತದೆ. ವೈಲ್ಡ್‌ಲೈಫ್ ರಿಸರ್ವ್ ಒಂದು ತುದಿ, ಬಾತ್‌ಶೀಬಾ ಇನ್ನೊಂದು ತುದಿ. ಎರಡಕ್ಕೂ ಹೋದರೆ ದಿನವೆಲ್ಲ ಕಾರಿನ ಕಿಟಕಿಯಲ್ಲೇ ಕಳೆಯುತ್ತದೆ. ಬಾತ್‌ಶೀಬಾದಲ್ಲಿ ಅಟ್ಲಾಂಟಿಕ್ ಅಲೆ, ಬಂಡೆ, ಸರ್ಫಿಂಗ್ ಮಾಡುವವರು, ನೋಡಲು ಸೊಗಸು ನಿಜ, ಆದರೆ ಅಲ್ಲಿ ಈಜುವುದು ಅಪಾಯ, ಮಗನನ್ನು ನೀರಿಗೆ ಬಿಡುವ ಜಾಗ ಅದಲ್ಲ.

ನನ್ನ ಸಲಹೆ ಕಾರ್ಲೈಲ್ ಬೇ. ಬಂದರಿನಿಂದ ಟ್ಯಾಕ್ಸಿಯಲ್ಲಿ ಹತ್ತು ಹದಿನೈದು ನಿಮಿಷ. ದ್ವೀಪದ ಗಾಳಿ ಕಡಿಮೆ ಇರುವ ಪಶ್ಚಿಮ ಬದಿಯಾದ್ದರಿಂದ ನೀರು ಶಾಂತ. ಆಮೆಗಳು ಅಲ್ಲೇ ಇವೆ. ಕೊಲ್ಲಿಯೊಳಗೆ ಮುಳುಗಿದ ಹಳೆಯ ಹಡಗುಗಳೂ ಇವೆ, ಬರ್ವಿನ್ ಅನ್ನೋ ಫ್ರೆಂಚ್ ಟಗ್ ಬೋಟು 1919ರಲ್ಲಿ ಮುಳುಗಿದ್ದು, ಅದು ಹೆಚ್ಚು ಆಳದಲ್ಲೇನೂ ಇಲ್ಲ, ಮಾಸ್ಕ್ ಹಾಕಿ ಮೇಲಿನಿಂದಲೇ ನೋಡಬಹುದು. ಮಗನಿಗೆ ಇದಕ್ಕಿಂತ ಇನ್ನೇನು ಬೇಕು? ಈಜು ಬಾರದವರಿಗೆ ಲೈಫ್ ಜಾಕೆಟ್ ಕೊಟ್ಟು ಬೋಟಿನಲ್ಲಿ ಕರೆದುಕೊಂಡು ಹೋಗುವವರಿದ್ದಾರೆ. ಆಮೆಯನ್ನು ಮುಟ್ಟಬಾರದು ಅಂತ ಮಗನಿಗೆ ಮೊದಲೇ ಹೇಳಿಡಿ.

ಬೀಚ್ ಕ್ಲಬ್ಬುಗಳ ಹತ್ತಿರ ಹಡಗಿನ ಜನ ಮುತ್ತಿಕೊಂಡಿರುತ್ತಾರೆ. ದಕ್ಷಿಣಕ್ಕೆ ಪೆಬಲ್ಸ್ ಬೀಚ್ ಕಡೆ ಸ್ವಲ್ಪ ನಡೆದರೆ ಜಾಗ ಸಿಗುತ್ತದೆ. ಅಂದಹಾಗೆ ಸೂರ್ಯ ಹುಟ್ಟೋ ಹೊತ್ತಿಗೆ ಆ ಬೀಚಿಗೆ ರೇಸ್ ಕುದುರೆಗಳನ್ನು ಮೀಯಿಸಲು ತರುತ್ತಾರೆ, ಪಕ್ಕದಲ್ಲೇ ಗ್ಯಾರಿಸನ್ ಸವಾನ್ನಾ ರೇಸ್ ಕೋರ್ಸ್ ಇದೆ. ನಿಮ್ಮ ಹಡಗು 8ಕ್ಕೆ ಬರುವುದರಿಂದ ಅದು ನಿಮಗೆ ಸಿಗಲ್ಲ ಬಿಡಿ.

ಸುಮ್ನೆ_ಕೂತವಳು:

ಕಡಲಹಕ್ಕಿಯವರು ಹೇಳಿದ್ದು ಸರಿ, ಆದರೆ ಅಮ್ಮನನ್ನು ಮರೆತೇಬಿಟ್ಟಿದ್ದಾರೆ. ಮಂಡಿ ನೋವಿನವರಿಗೆ ಮರಳಿನಲ್ಲಿ ನಡೆಯುವುದು ಮೆಟ್ಟಿಲಿಗಿಂತ ಕಷ್ಟ. ಕುರ್ಚಿ ಬಾಡಿಗೆಗೆ ತಗೊಂಡು ಆರು ಗಂಟೆ ಬಿಸಿಲಲ್ಲಿ ಕೂರಿಸಿದರೆ ಅವರಿಗೇನು ಖುಷಿ?

ಅವರಿಗೆ ಹ್ಯಾರಿಸನ್ಸ್ ಕೇವ್ ಚೆನ್ನಾಗಿರುತ್ತದೆ. ಗುಹೆ ಅಂದ ತಕ್ಷಣ ಹತ್ತಿ ಇಳಿಯಬೇಕು ಅಂದ್ಕೋಬೇಡಿ. ಟ್ರಾಮ್‌ನಲ್ಲಿ ಕೂತೇ ಒಳಗೆ ಹೋಗುವ ಟೂರ್ ಇದೆ. ಬುಕ್ ಮಾಡುವಾಗ ಟ್ರಾಮ್ ಟೂರ್ ಅಂತಲೇ ನೋಡಿ ಮಾಡಿ. ಸುತ್ತಮುತ್ತಲಿನ ಬಹಳಷ್ಟು ದ್ವೀಪಗಳು ಜ್ವಾಲಾಮುಖಿಯಿಂದ ಆದವು, ಬಾರ್ಬಡೋಸ್ ಹಾಗಲ್ಲ, ಅದರ ಮೇಲ್ಪದರ ಹೆಚ್ಚಿನ ಕಡೆ ಹವಳದ ಸುಣ್ಣಕಲ್ಲು. ಮಳೆನೀರು ಆ ಕಲ್ಲನ್ನು ಕರಗಿಸಿ ಕರಗಿಸಿ ಆದ ಗುಹೆ ಇದು. ಒಳಗೆ ನೀರು ಹರಿಯುತ್ತಾ ಇರುತ್ತದೆ, ಚಾವಣಿಯಿಂದ ಸುಣ್ಣದ ಕಡ್ಡಿಗಳು ನೇತಾಡುತ್ತಾ ಇರುತ್ತವೆ. ಅದೇ ಕಲ್ಲಿನಲ್ಲಿ ಸೋಸಿ ಬರುವುದರಿಂದ ಅಲ್ಲಿನ ನಲ್ಲಿ ನೀರನ್ನು ಹಾಗೇ ಕುಡಿಯಬಹುದು, ಬಾಟಲಿಗೆ ದುಡ್ಡು ಸುರಿಯಬೇಡಿ.

ಗುಹೆ ದ್ವೀಪದ ನಡುವೆ ಇದೆ, ಬಂದರಿನಿಂದ ಅರ್ಧ ಮುಕ್ಕಾಲು ಗಂಟೆ. ಇದೊಂದಕ್ಕೆ ಮಾತ್ರ ಹಡಗಿನ ಟೂರ್ ತಗೊಳ್ಳಿ ಅಂತ ನಾನು ಹೇಳ್ತೀನಿ, ರೇಟು ಜಾಸ್ತಿ ಆದರೂ. ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ಇಲ್ಲವೇ ನಿಮ್ಮನ್ನು ಮುಂದಿನ ಬಂದರಿಗೆ ಸೇರಿಸುವುದು ಅವರ ಜವಾಬ್ದಾರಿ. ನೀವೇ ಹೋಗಿ ತಡವಾದರೆ ಯಾರೂ ಕಾಯುವುದಿಲ್ಲ. ಊರಿಗೆ ಹತ್ತಿರ ಇರುವಾಗ ಇದು ದೊಡ್ಡ ವಿಷಯ ಅಲ್ಲ, ಗುಡ್ಡದ ನಡುವೆ ಇರುವಾಗ ದೊಡ್ಡ ವಿಷಯವೇ.

ಇನ್ನೊಂದು. ಬೆಳಗಿನ ಟೂರ್ ಮುಗಿದ ಮೇಲೆ ಅಮ್ಮ ಹಡಗಿಗೇ ವಾಪಸ್ಸು ಹೋಗಲಿ. ಬಂದರು ಪಕ್ಕದಲ್ಲೇ ಇದ್ದಾಗ ಹಡಗು ಅಂದರೆ ನಿಮ್ಮ ರೂಮೇ ಅಲ್ವಾ, ಊಟವೂ ಅಲ್ಲೇ. ಎಲ್ಲರೂ ಇಡೀ ದಿನ ಒಟ್ಟಿಗೇ ಇರಬೇಕು ಅಂತ ಯಾಕೆ ಹಟ? ಮಧ್ಯಾಹ್ನ ಹಡಗು ಖಾಲಿ ಇರುತ್ತದೆ, ಹಾಯಾಗಿ ಮಲಗಿಕೊಳ್ಳಲಿ.

ಮೂರನೇ_ಸ್ಲಿಪ್:

ಗುಹೆ, ಆಮೆ ಎಲ್ಲ ಸರಿ, ಪಟ್ಟಿಯ ಕೊನೆಯಲ್ಲಿ ಓವಲ್ ಇಟ್ಟಿದ್ದೀರಲ್ಲ, ಇದು ಅನ್ಯಾಯ!

ಕೆನ್ಸಿಂಗ್ಟನ್ ಓವಲ್ ಬಂದರಿಗೆ ನಡೆದೇ ಹೋಗುವಷ್ಟು ಹತ್ತಿರ. 2024ರ ಜೂನ್ 29ರಂದು ದಕ್ಷಿಣ ಆಫ್ರಿಕಾವನ್ನು 7 ರನ್‌ನಿಂದ ಸೋಲಿಸಿ ಟಿ20 ವಿಶ್ವಕಪ್ ಎತ್ತಿದ್ದು ಇಲ್ಲೇ. ಸೂರ್ಯಕುಮಾರ್ ಬೌಂಡರಿ ಹಗ್ಗದ ಹತ್ತಿರ ಆ ಕ್ಯಾಚ್ ಹಿಡಿದದ್ದು ಇಲ್ಲೇ. ಕೋಚ್ ಆಗಿ ದ್ರಾವಿಡ್‌ಗೆ ಅದು ಕೊನೆಯ ಪಂದ್ಯ, ಕಪ್ ಕೈಗೆ ಬಂದಾಗ ಆ ಮನುಷ್ಯ ಕೂಗಿದ್ದನ್ನು ಯಾರು ಮರೆಯುತ್ತಾರೆ. ಇದೇ ಮೈದಾನದಲ್ಲಿ 1997ರ ಟೆಸ್ಟ್‌ನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಗೆಲ್ಲಲು ಬರೀ 120 ಬೇಕಿತ್ತು, ನಾವು 81ಕ್ಕೆ ಆಲೌಟ್. ದ್ರಾವಿಡ್ ಆ ತಂಡದಲ್ಲೂ ಇದ್ದರು. 2007ರ ವಿಶ್ವಕಪ್‌ನಲ್ಲಿ ಅವರೇ ಕ್ಯಾಪ್ಟನ್, ಪಕ್ಕದ ಟ್ರಿನಿಡಾಡ್‌ನಲ್ಲೇ ಮೊದಲ ಸುತ್ತಲ್ಲಿ ಮನೆಗೆ. ಇಷ್ಟೆಲ್ಲ ಮಗನಿಗೆ ಹೇಳಿ ಕರೆದುಕೊಂಡು ಹೋಗಿ, ಸುಮ್ನೆ ಖಾಲಿ ಸ್ಟೇಡಿಯಂ ತೋರಿಸಿದರೆ ಅವನಿಗೆ ಬೋರ್ ಆಗುತ್ತದೆ.

ಹೊರಗೆ ವೆಸ್ಟ್ ಇಂಡೀಸ್ ದಿಗ್ಗಜ ಸೋಬರ್ಸ್ ಪ್ರತಿಮೆ ಇದೆ, ಫೋಟೋಗೆ ಅದೇ ಜಾಗ. ಅಲ್ಲಿನ ಹಳೇ ಆಟಗಾರರಾದ ವೊರೆಲ್, ವೀಕ್ಸ್, ವಾಲ್ಕಾಟ್ ಮೂವರ ಹೆಸರಿನ ಸ್ಟ್ಯಾಂಡ್ ಇದೆ, ಮೂವರೂ ಈ ಮೈದಾನದ ಆಸುಪಾಸಿನಲ್ಲೇ ಹುಟ್ಟಿದವರು. ಹತ್ತಿರದಲ್ಲೇ ಕ್ರಿಕೆಟ್ ಲೆಜೆಂಡ್ಸ್ ಮ್ಯೂಸಿಯಂ ಇದೆ. ಒಳಗೆ ಬಿಡುತ್ತಾರಾ, ಅವತ್ತು ಪಂದ್ಯ ಇದೆಯಾ ಅಂತ ಹಿಂದಿನ ವಾರವೇ ವಿಚಾರಿಸಿಕೊಳ್ಳಿ. ಮನೆಯವರು ಮುಖ ಗಂಟಿಕ್ಕಿದರೆ ರಿಹಾನ್ನಾ ಡ್ರೈವ್ ಅಲ್ಲೇ ಹತ್ತಿರ ಅಂತ ಹೇಳಿ, ಗಾಯಕಿ ರಿಹಾನ್ನಾ ಬೆಳೆದ ರಸ್ತೆ, 2017ರಲ್ಲಿ ಅವರ ಹೆಸರನ್ನೇ ಇಟ್ಟರು.

ಗಂಟುಮೂಟೆ:

ಯಾರೂ ಹೇಳದ ಕೆಲವು ಮಾತು.

ಮಿಲಿಟರಿ ಪ್ರಿಂಟಿನ ಬಟ್ಟೆ ಬಾರ್ಬಡೋಸ್‌ನಲ್ಲಿ ಕಾನೂನು ಪ್ರಕಾರ ನಿಷಿದ್ಧ. ಸೈನ್ಯದವರು ಬಿಟ್ಟು ಬೇರೆ ಯಾರೂ ಹಾಕುವ ಹಾಗಿಲ್ಲ, ಮಕ್ಕಳಿಗೂ ರಿಯಾಯಿತಿ ಇಲ್ಲ. ಟೋಪಿ, ಬ್ಯಾಗು ಕೂಡ ಬೇಡ.

ಬೀಚಿನ ಅಂಚಲ್ಲಿ ಮ್ಯಾಂಚಿನೀಲ್ ಅನ್ನುವ ಮರ ಇರುತ್ತದೆ. ಸಣ್ಣ ಹಸಿರು ಸೇಬಿನ ಥರ ಹಣ್ಣು. ತಿಂದರೆ ವಿಷ, ಹಾಲು ಮೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಮಳೆ ಬಂತು ಅಂತ ಅದರ ಕೆಳಗೆ ನಿಂತರೂ ಎಲೆಯಿಂದ ಇಳಿದ ನೀರು ಸುಡುತ್ತದೆ. ಬಹಳ ಕಡೆ ಕಾಂಡಕ್ಕೆ ಕೆಂಪು ಬಣ್ಣ ಬಳಿದಿರುತ್ತಾರೆ ಅಥವಾ ಬೋರ್ಡು ಹಾಕಿರುತ್ತಾರೆ. ಮಗನಿಗೆ ಬಿದ್ದ ಹಣ್ಣು ಎತ್ತುವ ಅಭ್ಯಾಸ ಇದ್ದರೆ ಈಗಲೇ ಹೇಳಿ.

ದುಡ್ಡಿನ ವಿಷಯ. ಎರಡು ಬಾರ್ಬಡೋಸ್ ಡಾಲರ್‌ಗೆ ಒಂದು ಅಮೆರಿಕನ್ ಡಾಲರ್, 1975ರಿಂದ ಇದೇ ದರ. ಅಮೆರಿಕನ್ ನೋಟು ಬಹುತೇಕ ಎಲ್ಲ ಕಡೆ ನಡೆಯುತ್ತದೆ, ಚಿಲ್ಲರೆ ಮಾತ್ರ ಅಲ್ಲಿಯದೇ ಕೊಡುತ್ತಾರೆ. ಟ್ಯಾಕ್ಸಿಗೆ ಮೀಟರ್ ಇಲ್ಲ. ನಲವತ್ತು ಡಾಲರ್ ಅಂದರೆ ಯಾವ ಡಾಲರ್ ಅಂತ ಹತ್ತುವ ಮೊದಲೇ ಕೇಳಿ, ನಾಲ್ಕು ಜನಕ್ಕಾ ತಲೆಗಾ ಅಂತಲೂ ಕೇಳಿ. ಇಳಿಯುವಾಗ ಜಗಳ ಆಡಿ ಪ್ರಯೋಜನ ಇಲ್ಲ. ಅಮ್ಮ ಜೊತೆಗೆ ಇಲ್ಲದಾಗ ಬಸ್ಸು ನೋಡಿ. ನೀಲಿ ಸರ್ಕಾರಿ ಬಸ್ಸು, ಹಳದಿ ಮಿನಿಬಸ್ಸು, ಬಿಳಿ ಜೆಡ್‌ಆರ್ ವ್ಯಾನು, ಎಲ್ಲಕ್ಕೂ 3.50 ಬಾರ್ಬಡೋಸ್ ಡಾಲರ್. ಜೆಡ್‌ಆರ್‌ನಲ್ಲಿ ಹಾಡು ಕಿವಿ ಒಡೆಯುವಷ್ಟು, ಸೀಟಿಗಿಂತ ಜನ ಜಾಸ್ತಿ. ಮಗನಿಗೆ ಗುಹೆಗಿಂತ ಅದೇ ಇಷ್ಟವಾದರೂ ಆಶ್ಚರ್ಯ ಇಲ್ಲ.

ಗಡಿಯಾರ. ಇದು ಬಹಳ ಮುಖ್ಯ. ಜನವರಿಯಲ್ಲಿ ಬಾರ್ಬಡೋಸ್ ಫ್ಲೋರಿಡಾಕ್ಕಿಂತ ಒಂದು ಗಂಟೆ ಮುಂದೆ. ಕೆಲವು ಹಡಗುಗಳು ದಾರಿಯಲ್ಲೇ ಗಡಿಯಾರ ಮುಂದೆ ಮಾಡುತ್ತವೆ, ಕೆಲವು ಹೊರಟ ಊರಿನ ಗಂಟೆಯನ್ನೇ ಇಟ್ಟುಕೊಳ್ಳುತ್ತವೆ. ಹಡಗು ಮುಂದೆ ಮಾಡಿದ್ದು ನಿಮಗೆ ಗೊತ್ತಿಲ್ಲ, ನಿಮ್ಮ ಫೋನು ಏರ್‌ಪ್ಲೇನ್ ಮೋಡ್‌ನಲ್ಲಿ ಇನ್ನೂ ಫ್ಲೋರಿಡಾದಲ್ಲೇ ಇದೆ ಅಂದ್ಕೊಳ್ಳಿ, ಫೋನು 3:30 ತೋರಿಸುವಾಗ ಹಡಗಿನಲ್ಲಿ 4:30 ಆಗಿರುತ್ತದೆ. ಇಳಿಯುವಾಗ ಬಾಗಿಲ ಹತ್ತಿರ, ವಾಪಸ್ಸು ಹತ್ತಬೇಕಾದ ಗಂಟೆ ಬರೆದಿರುವ ಬೋರ್ಡಿನ ಫೋಟೋ ತೆಗೆದಿಟ್ಟುಕೊಳ್ಳಿ. ಅವತ್ತಿನ ಕಾರ್ಯಕ್ರಮದ ಹಾಳೆಯಲ್ಲಿ ಬಂದರಿನ ಏಜೆಂಟ್ ಫೋನ್ ನಂಬರ್ ಇರುತ್ತದೆ, ಅದೂ ಜೇಬಲ್ಲಿರಲಿ.

ನಾಲ್ಕು_ಟಿಕೆಟ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾತ್‌ಶೀಬಾ, ಕೋತಿ ಎರಡೂ ಕ್ಯಾನ್ಸಲ್. ಬೆಳಿಗ್ಗೆ ನಾಲ್ಕೂ ಜನ ಹಡಗಿನ ಟೂರ್‌ನಲ್ಲಿ ಗುಹೆ, 12:30ಕ್ಕೆ ವಾಪಸ್ಸು ಬಂದರಿಗೆ ಬಿಡುತ್ತಾರಂತೆ. ಅಮ್ಮ ಹಡಗಿಗೆ. ನಾವು ಮೂವರು ಓವಲ್ ನೋಡಿ ಅಲ್ಲಿಂದ ಕಾರ್ಲೈಲ್ ಬೇ, ಆಮೆ, ಆಮೇಲೆ ಊರಿನ ಪಾರ್ಲಿಮೆಂಟ್ ಕಟ್ಟಡದ ಕಡೆ ಒಂದು ಸುತ್ತು. ಹೆಂಡತಿಗೆ ಹೊರಗೆ ಏನು ತಿನ್ನಲು ಸಿಗುತ್ತದೆ?

ಸುಮ್ನೆ_ಕೂತವಳು:

ರೋಟಿ ಕೇಳಲಿ. ದೊಡ್ಡ ರೋಟಿಯೊಳಗೆ ಪಲ್ಯ ಇಟ್ಟು ಮಡಚಿ ಕೊಡುತ್ತಾರೆ, ಆಲೂಗಡ್ಡೆ ಕಡಲೆಯದೂ ಸಿಗುತ್ತದೆ, ಟ್ರಿನಿಡಾಡ್ ಕಡೆಯ ಭಾರತೀಯರಿಂದ ಬಂದ ತಿಂಡಿ. ಮ್ಯಾಕರೋನಿ ಪೈ, ಕರಿದ ಬಾಳೆಕಾಯಿ, ಜೀಗುಜ್ಜೆ ಕೂಡ ಇರುತ್ತದೆ. ಪೈಗೆ ಮೊಟ್ಟೆ ಹಾಕುವವರಿದ್ದಾರೆ, ಕೇಳಿ. ರೈಸ್ ಅಂಡ್ ಪೀಸ್ ಅಂತ ಅನ್ನ ಕಾಳು ಕೊಟ್ಟರೆ ಅದನ್ನೂ ಕೇಳಿ, ಉಪ್ಪು ಹಾಕಿಟ್ಟ ಮಾಂಸ ಸೇರಿಸಿ ಬೇಯಿಸುವುದು ಅಲ್ಲಿ ಮಾಮೂಲು. ಹಡಗಿನ ಬಫೆಯಿಂದ ಹಣ್ಣು ಕಟ್ಟಿಕೊಂಡು ಇಳಿಯಬೇಡಿ, ಬಿಡುವುದಿಲ್ಲ. ಅಥವಾ 12:30ಕ್ಕೆ ಹೇಗೂ ಬಂದರಿನಲ್ಲೇ ಇರ್ತೀರಲ್ಲ, ಅಮ್ಮನ ಜೊತೆ ಹಡಗಿನಲ್ಲೇ ಉಂಡು ಮತ್ತೆ ಇಳಿಯಿರಿ, ಕಾಸೂ ಉಳಿಯುತ್ತೆ.

ಕಡಲಹಕ್ಕಿ:

ಹಡಗು ಹತ್ತಿ ಉಂಡು ಮತ್ತೆ ಇಳಿದರೆ 1:30 ಆಗುತ್ತದೆ. ಆಮೇಲೆ ಓವಲ್, ಆಮೆ, ಪಾರ್ಲಿಮೆಂಟ್ ಮೂರೂ ಆಗಲ್ಲ. ಪಾರ್ಲಿಮೆಂಟ್ ಬಿಡಿ. ಟ್ಯಾಕ್ಸಿ ಬೀಚಿಗೆ ಊರೊಳಗಿಂದ ಹೋದರೆ ಆ ಕಟ್ಟಡ ದಾರಿಯಲ್ಲೇ ಕಾಣಬಹುದು, ಡ್ರೈವರ್‌ಗೆ ಕೇಳಿ ನೋಡಿ. ಓವಲ್ ಹೊರಗೆ ಇಪ್ಪತ್ತು ನಿಮಿಷ ಸಾಕು, ಒಳಗೆ ಹೋಗಲೇಬೇಕು ಅಂದರೆ ಆಮೆ ಬಿಡಬೇಕು. ಅದು ಮಗನನ್ನೇ ಕೇಳಿ ತೀರ್ಮಾನ ಮಾಡಿ.

ಮೂರನೇ_ಸ್ಲಿಪ್:

ಒಂಬತ್ತು ವರ್ಷದವನನ್ನು ಕೇಳಿದರೆ ಆಮೆ ಅಂತಾನೆ. ಕೇಳಬೇಡಿ.

ಗಂಟುಮೂಟೆ:

😀 ಬೀಚಿಗೆ ಬಿಡುವ ಟ್ಯಾಕ್ಸಿಯವರಿಗೇ ವಾಪಸ್ಸಿಗೂ ಹೇಳಿಡಿ. 3:15ಕ್ಕೆ ಹೊರಡಬೇಕು ಅಂತಿದ್ದರೆ 2:45ಕ್ಕೆ ಬನ್ನಿ ಅಂತ ಹೇಳಿ, ದುಡ್ಡು ಪೂರ್ತಿ ಮುಂಚೆ ಕೊಡಬೇಡಿ, ಬಂದರಿಗೆ ಬಂದ ಮೇಲೆ ಎರಡೂ ಸೇರಿಸಿ ಕೊಡಿ.