ಅಡಿಕೆ ಕಳ್ಳತನ ಈಗ ಗ್ಯಾಂಗಿನ ಕೆಲಸ, ಹೊಸ ಕಾನೂನು ಇದಕ್ಕೆ ಬರುತ್ತಾ?

ತೋಟದವ, ತೀರ್ಥಹಳ್ಳಿ ಕಡೆ:
ಕೊಯ್ಲು ಹತ್ತಿರ ಬಂತು, ಮತ್ತೆ ಅದೇ ಭಯ. ಮೊದಲೆಲ್ಲ ಕದಿಯುವವರು ಆಸುಪಾಸಿನವರೇ, ಒಂದೋ ಎರಡೋ ಗೊನೆ ಅಷ್ಟೇ. ರೇಟು ಏರಿದ ಮೇಲೆ ಹಾಗಿಲ್ಲ. ಹಗಲು ಒಬ್ಬ ಬೈಕಲ್ಲಿ ಬಂದು ದಾರಿ, ನಾಯಿ, ಮನೆಯಲ್ಲಿ ಯಾರಿದ್ದಾರೆ ಅಂತ ನೋಡಿಕೊಂಡು ಹೋಗುತ್ತಾನೆ, ರಾತ್ರಿ ಪಿಕಪ್ ಬರುತ್ತದೆ, ಅಂಗಳದಲ್ಲಿ ಒಣಗಲು ಹಾಕಿದ್ದು ಬೆಳಗಾಗುವುದರೊಳಗೆ ಜಿಲ್ಲೆ ದಾಟಿರುತ್ತದೆ. ಪಕ್ಕದ ಮನೆಯವರ ದೂರನ್ನು ಸಾಮಾನ್ಯ ಕಳ್ಳತನ ಅಂತಲೇ ಬರೆದುಕೊಂಡರು. ಸಂಘಟಿತ ಅಪರಾಧದ ಸೆಕ್ಷನ್ ಹಾಕಲು ಬರುವುದಿಲ್ಲವಾ?

ಕೋರ್ಟ್ ಓಡಾಟದವ, ಶಿವಮೊಗ್ಗ:
ಬರುತ್ತೆ, ಆದರೆ ಸುಲಭ ಇಲ್ಲ. ಹಳೆಯ ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 111ನೇ ಸೆಕ್ಷನ್ ದೊಡ್ಡ ಗ್ಯಾಂಗ್‌ಗಳಿಗೆ. ಅದು ಕೋರ್ಟಿನಲ್ಲಿ ನಿಲ್ಲಬೇಕಾದರೆ ಹಿಂದಿನ 10 ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಚಾರ್ಜ್‌ಶೀಟ್ ಆಗಿರಬೇಕು. ನಿಮಗೆ ಹತ್ತಿರದ್ದು 112, ಗುಂಪು ಕಟ್ಟಿಕೊಂಡು ಮಾಡುವ ಕಳ್ಳತನ, 1ರಿಂದ 7 ವರ್ಷ ಜೈಲು. (ಎಮರ್ಜೆನ್ಸಿ ನಂಬರೂ 112, ಎರಡೂ ಬೇರೆ.) ಅದರಲ್ಲಿ ವಾಸದ ಮನೆ, ವಾಹನ, ವ್ಯಾಪಾರದ ಜಾಗ ಅಂತ ಬಿಡಿಸಿ ಹೇಳಿದ್ದಾರೆ. ಮರದಲ್ಲಿದ್ದ ಗೊನೆ ಹೋಯಿತು ಅಂದರೆ ಎದುರು ವಕೀಲರು ಸುಮ್ನೆ ಬಿಡ್ತಾರಾ? ಹಾಗಾಗಿ ಎಲ್ಲಿಂದ ಹೋಯಿತು, ಎಷ್ಟು ಜನ, ಯಾವ ಗಾಡಿ, ಎಲ್ಲ ದೂರಿನಲ್ಲೇ ಬರಲಿ.

ಮಂಡಿ ಹುಡುಗ, ಸಾಗರ:
ಎಲ್ಲರೂ ಕಳ್ಳನ ಹಿಂದೆ ಓಡುತ್ತೀರಿ, ಕೊಳ್ಳುವವನನ್ನು ಯಾರೂ ಕೇಳುವುದಿಲ್ಲ. ಮೂರು ಕ್ವಿಂಟಲ್ ರಾಶಿ ಅಡಿಕೆ ಕದ್ದವನು ಅದನ್ನು ಮನೆಯಲ್ಲಿ ಇಟ್ಟುಕೊಳ್ಳುತ್ತಾನಾ? ಬಿಲ್ ಇಲ್ಲದೆ ಅಗ್ಗಕ್ಕೆ ತೂಗಿಸಿಕೊಳ್ಳುವವನು ಎಲ್ಲೋ ಇದ್ದೇ ಇರುತ್ತಾನೆ, ಮಿಕ್ಸ್ ಮಾಡಿದ ಮೇಲೆ ಯಾರ ಅಡಿಕೆ ಅಂತ ದೇವರಿಗೂ ಗೊತ್ತಾಗಲ್ಲ. ಕಳ್ಳಮಾಲನ್ನೇ ರೂಢಿ ಮಾಡಿಕೊಂಡವನಿಗೆ ಅದೇ ಸಂಹಿತೆಯ 317(4)ರಲ್ಲಿ ಜೀವಾವಧಿವರೆಗೂ ಶಿಕ್ಷೆ ಇದೆ, ಕದ್ದವನಿಗಿಂತ ಜಾಸ್ತಿ. ಅದನ್ನು ಹಾಕಿಸಿ.

ಆಗುಂಬೆ ಮಳೆ:
ಕಳೆದ ವರ್ಷ, 2025ರ ಜೂನ್‌ನಲ್ಲಿ, ನಮ್ಮ ಜಿಲ್ಲೆಗೂ ವಿಶೇಷ ಕಾರ್ಯಪಡೆ ಅಂದರಲ್ಲ, ಅವರು ನೋಡಲ್ವಾ?

ಕೋರ್ಟ್ ಓಡಾಟದವ, ಶಿವಮೊಗ್ಗ:
ಅದು ಕೋಮು ಗಲಾಟೆ ತಡೆಯಲು. ದಕ್ಷಿಣ ಕನ್ನಡ, ಉಡುಪಿಗೂ ಸೇರಿಸಿ ಮಾಡಿದ್ದು. 2025ರ ಜನವರಿಯಲ್ಲಿ ಆರು ನಕ್ಸಲರು ಶರಣಾದ ಮೇಲೆ ನಕ್ಸಲ್ ನಿಗ್ರಹ ಪಡೆಯವರಿಗೆ ಕಾಡಿನಲ್ಲಿ ಅಷ್ಟು ಕೆಲಸ ಉಳಿಯಲಿಲ್ಲ, ಅಲ್ಲಿಂದಲೇ ಇದಕ್ಕೆ ಜನ ತೆಗೆದುಕೊಂಡರು. ನಿಮ್ಮ ಅಡಿಕೆಗೆ ನಿಮ್ಮ ಬೀಟ್ ಪೊಲೀಸರೇ ಗತಿ.

ತೋಟದವ, ತೀರ್ಥಹಳ್ಳಿ ಕಡೆ:
ಸರಿ. ಪಕ್ಕದ ಮನೆಯವರನ್ನು ಕರೆದುಕೊಂಡು ಹೋಗಿ, ಗಾಡಿ ವಿಷಯ, ಕೊಂಡವರ ವಿಷಯ ಎರಡನ್ನೂ ಲಿಖಿತವಾಗಿ ಕೊಡಿಸುತ್ತೇನೆ.