ಮುಚ್ಚಳಿಕೆ ಬರೆಸಿ ಕಳುಹಿಸಿದ ಠಾಣೆಯನ್ನು ಕೇಳುವವರು ಯಾರು?

ಕೇಳಿದವರು, ಸಿಂಧನೂರು:
ನನ್ನ ತಂಗಿಯನ್ನು ಕೊಪ್ಪಳ ಜಿಲ್ಲೆಗೆ ಮದುವೆ ಮಾಡಿ ಕೊಟ್ಟಿದ್ದೇವೆ. ಗಂಡನ ಹೊಡೆತ ತಾಳಲಾರದೆ ಅವಳು ಈ ವರ್ಷ ಅಲ್ಲಿನ ಠಾಣೆಗೆ ಎರಡು ಬಾರಿ ಹೋದಳು. ಎರಡೂ ಬಾರಿ ಎಫ್‌ಐಆರ್ ದಾಖಲಿಸದೆ, ‘ಇನ್ನು ಮುಂದೆ ಹೆಂಡತಿಯೊಂದಿಗೆ ಚೆನ್ನಾಗಿ ಬಾಳುತ್ತೇನೆ’ ಎಂದು ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು, ಇಬ್ಬರನ್ನೂ ಒಂದೇ ಬೈಕಿನಲ್ಲಿ ಮನೆಗೆ ಕಳುಹಿಸಿದರು. ಈಗ ಅವಳು ನಮ್ಮ ಮನೆಯಲ್ಲಿದ್ದಾಳೆ. ಠಾಣೆಯವರು ನಡೆದುಕೊಂಡ ರೀತಿಯನ್ನು ಪರಿಶೀಲಿಸುವ, ಪೊಲೀಸರಲ್ಲದ ಯಾರಾದರೂ ಇದ್ದಾರೆಯೇ? ಈ ದಾರಿಯಲ್ಲಿ ಓಡಾಡಿದವರು ತಿಳಿಸಬೇಕೆಂದು ಕೋರುತ್ತೇನೆ.

ಗಂಗಾವತಿಯಿಂದ ಒಬ್ಬರು:
ಅಕ್ಕಾ, ನಾಲ್ಕು ವರ್ಷಗಳ ಹಿಂದೆ ನಾನೂ ಹೀಗೆಯೇ ಒಂದು ಠಾಣೆಯಲ್ಲಿ ರೈಟರ್ (ದೂರು-ಕಡತ ಬರೆಯುವ ಪೊಲೀಸ್) ಅವರ ಮೇಜಿನ ಮುಂದೆ ನಿಂತಿದ್ದೆ. ಮೊದಲ ಸಲ ದೂರಿನ ಎರಡನೆಯ ಪ್ರತಿಯನ್ನು ಒಯ್ದಿರಲಿಲ್ಲ. ಆಮೇಲೆ ಮೇಲಧಿಕಾರಿಗಳ ಬಳಿ ಹೋದಾಗ, ಅಂಥ ಅರ್ಜಿಯೇ ಬಂದಿಲ್ಲ ಎಂದು ಠಾಣೆಯಿಂದ ಉತ್ತರ ಬಂತು. ಎರಡನೆಯ ಸಲ ನನ್ನ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳುವವರೆಗೆ ಬೆಂಚಿನಿಂದ ಏಳಲಿಲ್ಲ. ಹದಿನೈದು ದಿನಗಳ ಮೇಲೆ ಕೈಗೆ ಬಂದ ಹಿಂಬರಹದಲ್ಲಿ (ಅರ್ಜಿ ಏನಾಯಿತೆಂದು ಠಾಣೆ ಕೊಡುವ ಲಿಖಿತ ಉತ್ತರ) ‘ಉಭಯತ್ರರು ರಾಜಿಯಾಗಿರುವುದರಿಂದ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ’ ಎಂಬ ಒಂದೇ ಸಾಲಿತ್ತು. ಆ ಸಾಲನ್ನು ಓದಿ ಅಂದು ಅತ್ತಿದ್ದೆ, ಆದರೆ ಮುಂದೆ ಕೆಲಸಕ್ಕೆ ಬಂದದ್ದು ಅದೇ. ನಾನು ಯಾವ ರಾಜಿಗೂ ಸಹಿ ಹಾಕಿರಲಿಲ್ಲ. ರಾಜಿಪತ್ರ ಎಲ್ಲಿದೆ ಎಂದು ಡಿವೈಎಸ್‌ಪಿ ಕೇಳಿದಾಗ ಠಾಣೆಯವರಲ್ಲಿ ತೋರಿಸಲು ಏನೂ ಇರಲಿಲ್ಲ. ನಿಮ್ಮ ತಂಗಿಗೆ ಹಿಂಬರಹ ಕೊಟ್ಟಿರದಿದ್ದರೆ ಮೊದಲು ಅದನ್ನು ಲಿಖಿತವಾಗಿ ಕೇಳಿರಿ, ಮುಚ್ಚಳಿಕೆಯ ನಕಲನ್ನೂ ಕೇಳಿರಿ.

ರಾಯಚೂರಿನ ವಕೀಲೆ:
ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ಕಾನೂನಿನ ಮಾತನ್ನಷ್ಟೇ ಸೇರಿಸುತ್ತೇನೆ. ಠಾಣೆಯವರು ದೂರು ದಾಖಲಿಸದಿದ್ದರೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿ ಬದಲಿಗೆ ಬಂದದ್ದು) ಕಲಂ 173(4)ರಂತೆ ದೂರನ್ನು ಅಂಚೆಯ ಮೂಲಕ ಎಸ್‌ಪಿಯವರಿಗೆ ಕಳುಹಿಸಬಹುದು. ಅಲ್ಲಿಯೂ ಆಗದಿದ್ದರೆ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಿ, ಕಲಂ 175(3)ರ ಅಡಿ ತನಿಖೆಗೆ ಆದೇಶ ಕೋರಬಹುದು. ನನ್ನ ಅನುಭವದಲ್ಲಿ ಪೊಲೀಸರ ಹೊರಗಿನಿಂದ ಬರುವ ನಿಗಾ ಎಂದರೆ ಮೊದಲು ಇದೇ, ಉಳಿದವೆಲ್ಲ ಆಮೇಲೆ.

ಠಾಣೆಯಲ್ಲಿ ‘ಗಂಡ-ಹೆಂಡಿರ ಜಗಳ, ವಿಚಾರಣೆ ನಡೆಯುತ್ತಿದೆ’ ಎಂದು ಕಾಲ ತಳ್ಳುವುದು ರೂಢಿ. ಗಂಡನ ಮನೆಯ ಕ್ರೌರ್ಯದಂಥ ಪ್ರಕರಣದಲ್ಲಿ ಪ್ರಾಥಮಿಕ ವಿಚಾರಣೆಗೆ ಅವಕಾಶವಿದೆ ನಿಜ, ಆದರೆ ಅದಕ್ಕೆ ಡಿವೈಎಸ್‌ಪಿಯವರ ಅನುಮತಿ ಬೇಕು ಮತ್ತು 14 ದಿನಗಳೊಳಗೆ ಅದು ಮುಗಿಯಬೇಕು. ಆ ಅನುಮತಿಯ ದಿನಾಂಕವನ್ನು ಮಾಹಿತಿ ಹಕ್ಕಿನಲ್ಲಿ ಕೇಳಿ ನೋಡಿ. ಅನೇಕ ಸಲ ಅನುಮತಿ ಪಡೆದೇ ಇರುವುದಿಲ್ಲ. ಅತ್ಯಾಚಾರದಂಥ ಅಪರಾಧದ ದೂರನ್ನು ದಾಖಲಿಸದ ಅಧಿಕಾರಿಗೆ ಭಾರತೀಯ ನ್ಯಾಯ ಸಂಹಿತೆಯ (ಹಿಂದಿನ ಐಪಿಸಿ ಬದಲಿಗೆ ಬಂದದ್ದು) ಕಲಂ 199ರಲ್ಲಿ ಕನಿಷ್ಠ ಆರು ತಿಂಗಳ ಸೆರೆವಾಸವಿದೆ. ಗಂಡನ ಕ್ರೌರ್ಯದ ಕಲಂ 85 ಮಾತ್ರ ಆ ಪಟ್ಟಿಯಲ್ಲಿಲ್ಲ, ಹಾಗಾಗಿಯೇ ಹೊಡೆತದ ದೂರುಗಳಿಗೆ ಈ ಉದಾಸೀನ ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಮಾತು. ಮತ್ತೆ ಅದೇ ಠಾಣೆಗೆ ಹೋಗುವ ಅಗತ್ಯವೇ ಇಲ್ಲ. ಹೊರದೂಡಲ್ಪಟ್ಟ ಹೆಂಡತಿ ಆಶ್ರಯ ಪಡೆದ ಊರಿನಲ್ಲಿಯೇ ದೂರು ಕೊಡಬಹುದೆಂದು ಸುಪ್ರೀಂ ಕೋರ್ಟ್ 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಅರ್ಜಿಯನ್ನೂ ಸಿಂಧನೂರಿನಲ್ಲಿಯೇ ಹಾಕಬಹುದು. ಆ ಕಾಯ್ದೆಯಡಿ ಸಂರಕ್ಷಣಾಧಿಕಾರಿಯಾಗಿರುವ ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರು ಘಟನಾ ವರದಿ ಬರೆದುಕೊಡಬೇಕು. ವಕೀಲರ ಶುಲ್ಕದ ಚಿಂತೆ ಬೇಡ, ಆದಾಯ ಎಷ್ಟೇ ಇದ್ದರೂ ಮಹಿಳೆಯರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವಿದೆ.

ಬಳ್ಳಾರಿಯಿಂದ, ಮಹಿಳಾ ಸಹಾಯ ಕೇಂದ್ರವೊಂದರಲ್ಲಿ ದುಡಿದವರು:
ನೀವು ಕೇಳಿದ್ದು ಪೊಲೀಸರಲ್ಲದವರು ಯಾರು ಎಂದು. ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2006ರಲ್ಲಿ ಕೊಟ್ಟ ತೀರ್ಪಿನಂತೆ ರಾಜ್ಯಕ್ಕೊಂದು, ಜಿಲ್ಲೆಗೊಂದು ಪೊಲೀಸ್ ದೂರು ಪ್ರಾಧಿಕಾರ ಇರಬೇಕು. ಡಿವೈಎಸ್‌ಪಿ ಹುದ್ದೆಯವರೆಗಿನವರ ಮೇಲಿನ ದೂರು ಜಿಲ್ಲೆಯಲ್ಲಿ, ಅದಕ್ಕೆ ಮೇಲ್ಪಟ್ಟವರ ಮೇಲಿನದು ರಾಜ್ಯದಲ್ಲಿ. ಕರ್ನಾಟಕ ಇದಕ್ಕಾಗಿ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಆದರೆ ಜಿಲ್ಲಾ ಪ್ರಾಧಿಕಾರಕ್ಕೆ ನಿವೃತ್ತ ಜಿಲ್ಲಾ ನ್ಯಾಯಾಧೀಶರು ಮುಖ್ಯಸ್ಥರಾಗಿರಬೇಕೆಂದು ತೀರ್ಪು ಹೇಳಿದ್ದರೆ, ನಮ್ಮ ಕಾಯ್ದೆ ಸೇವೆಯಲ್ಲಿರುವ ಅಧಿಕಾರಿಗಳಿಗೇ ಅಲ್ಲಿ ಸ್ಥಾನ ಕೊಟ್ಟಿದೆ. ಮನೆಯ ಕಳ್ಳತನದ ಪಂಚಾಯ್ತಿಗೆ ಮನೆಯವರನ್ನೇ ಕೂರಿಸಿದಂತೆ ಇದು. ಆದರೂ ದೂರು ಕೊಡಿ ಎನ್ನುತ್ತೇನೆ, ಏಕೆಂದರೆ ನೋಟಿಸ್ ಬಂದ ಕೂಡಲೇ ಕಪಾಟಿನಲ್ಲಿದ್ದ ಕಡತ ಮೇಜಿನ ಮೇಲೆ ಬಂದದ್ದನ್ನು ನಾನು ಕಂಡಿದ್ದೇನೆ. ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು, ಘಟನೆ ನಡೆದು ಒಂದು ವರ್ಷದೊಳಗೆ ಬರೆಯಬೇಕು.

ಠಾಣೆಯ ಸಿಸಿಟಿವಿಯನ್ನು ಮರೆಯಬೇಡಿ. 2020ರ ಪರಮವೀರ್ ಸಿಂಗ್ ಸೈನಿ ತೀರ್ಪಿನಂತೆ ದೃಶ್ಯಗಳನ್ನು 18 ತಿಂಗಳು, ಏನೇ ಆದರೂ ಒಂದು ವರ್ಷಕ್ಕೆ ಕಡಿಮೆಯಿಲ್ಲದಂತೆ ಇಡಬೇಕು. ನಿಮ್ಮ ತಂಗಿ ಹೋದ ಎರಡೂ ದಿನಾಂಕಗಳ ದೃಶ್ಯ ಅಳಿಸದಂತೆ ಕಾಯ್ದಿರಿಸಲು ಇಂದೇ ಅರ್ಜಿ ಬರೆಯಿರಿ.

ನಾನು ನಿಜವಾಗಿ ಬಯಸುವುದು ಇನ್ನೊಂದು ಬಗೆಯ ನಿಗಾ. ಅಮೆರಿಕದ ಫಿಲಡೆಲ್ಫಿಯಾ ನಗರದ ಪೊಲೀಸರು ಅತ್ಯಾಚಾರದ ದೂರುಗಳನ್ನು ಅಪರಾಧವೇ ಅಲ್ಲದ ಒಂದು ಸಂಕೇತದಡಿ ಬರೆದಿಟ್ಟದ್ದು 1999ರಲ್ಲಿ ಪತ್ರಿಕೆಯಿಂದ ಬಯಲಾದ ಮೇಲೆ, ಅಲ್ಲಿನ ಮಹಿಳಾ ಸಂಘಟನೆಗಳವರು ಪ್ರತಿ ವರ್ಷ ಇಲಾಖೆಯಲ್ಲಿ ಕುಳಿತು ಕಡತಗಳನ್ನು ಓದುವ ಪದ್ಧತಿ ಬಂತು. ನಮ್ಮ ಜಿಲ್ಲೆಗಳಲ್ಲಿ ‘ಅರ್ಜಿ ವಿಚಾರಣೆ’ ಎಂದು ಮುಗಿಸಿದ ಹೆಂಗಸರ ದೂರುಗಳನ್ನು ಹೊರಗಿನವರು ಹಾಗೆ ಕುಳಿತು ಓದಿದರೆ ಎಷ್ಟು ಹಿಂಬರಹಗಳಲ್ಲಿ ಅದೇ ಒಂದು ಸಾಲು ಸಿಕ್ಕೀತೋ!

ಸಿರುಗುಪ್ಪದಿಂದ ಒಬ್ಬರು:
ಒಂದು ಸಣ್ಣ ವಿಷಯ. ಹೈಕೋರ್ಟಿಗೆ ಹೋಗುವ ಪ್ರಸಂಗ ಬಂದರೆ ರಾಯಚೂರಿನ ಪ್ರಕರಣ ಕಲಬುರಗಿ ಪೀಠಕ್ಕೆ, ಕೊಪ್ಪಳ ಮತ್ತು ಬಳ್ಳಾರಿಯವು ಧಾರವಾಡ ಪೀಠಕ್ಕೆ ಹೋಗುತ್ತವೆ. ನಾವು ಇದನ್ನು ತಿಳಿಯದೆ ಕಲಬುರಗಿಗೆ ಒಮ್ಮೆ ಸುಮ್ಮನೆ ಹೋಗಿ ಬಂದೆವು.

ಕೇಳಿದವರು, ಸಿಂಧನೂರು:
ಎಲ್ಲರಿಗೂ ನಮಸ್ಕಾರಗಳು. ಹಿಂಬರಹವನ್ನು ಅವಳಿಗೆ ಕೊಟ್ಟೇ ಇಲ್ಲವೆಂದು ಈಗ ಗೊತ್ತಾಯಿತು. ಅದಕ್ಕೆ ಒಂದು, ಸಿಸಿಟಿವಿಗೆ ಒಂದು, ಎಸ್‌ಪಿಯವರಿಗೆ ಒಂದು, ಹೀಗೆ ಮೂರು ಅರ್ಜಿಗಳನ್ನು ಇಂದು ರಿಜಿಸ್ಟರ್ಡ್ ಅಂಚೆಯಲ್ಲಿ ಹಾಕಿ ಬಂದೆವು. ರಸೀದಿಗಳನ್ನು ಅವಳೇ ಒಂದು ನೋಟುಪುಸ್ತಕಕ್ಕೆ ಅಂಟಿಸಿ ದಿನಾಂಕ ಬರೆದಿದ್ದಾಳೆ. ಸೋಮವಾರ ಸಿಡಿಪಿಒ ಕಚೇರಿಗೆ ಹೋಗುತ್ತೇವೆ.